ತಿಂಗಳಿಗೊಂದು ಇಂಜೆಕ್ಷನ್: ಕುಡಿತ, ಓಪಿಯಾಯ್ಡ್ ಚಟ ಬಿಡಲು ಹೊರಟವರಿಗೆ, ಅವರ ಮನೆಯವರಿಗೆ

ಚಟ ಬಿಡಿಸುವ ಮಾತ್ರೆಯಲ್ಲಿ ಒಂದು ತೊಡಕಿದೆ. ಅದನ್ನು ದಿನಾ ನುಂಗಬೇಕು. ಬೆಳಿಗ್ಗೆ ಮಾತ್ರೆ ಅಂಗೈಯಲ್ಲಿಟ್ಟುಕೊಂಡಾಗ ಮನಸ್ಸು ಲೆಕ್ಕ ಹಾಕಲು ಶುರು ಮಾಡುತ್ತದೆ. ಸಂಜೆ ಗೆಳೆಯರು ಸೇರುತ್ತಾರೆ, ಇವತ್ತೊಂದು ದಿನ ಬಿಟ್ಟರೆ ಏನು ಮಹಾ? ತಿಂಗಳಲ್ಲಿ 30 ಸಲ ಈ ಲೆಕ್ಕ ನಡೆಯುತ್ತದೆ. ಇಂಜೆಕ್ಷನ್ ತೆಗೆದುಕೊಂಡರೆ ಒಂದೇ ಸಲ.

ನನ್ನ ದೊಡ್ಡಪ್ಪನ ಮಗ, ನಾನು ಅಣ್ಣ ಅಂತ ಕರೆಯುವವನು, ಕುಡಿತ ಬಿಡಲು ಈ ದಾರಿ ಹಿಡಿದಿದ್ದ. ಪ್ರತಿ ಸಲ ಜೊತೆಗೆ ಹೋಗುವ ಕೆಲಸ ನನ್ನದು. ಹೊರಗಿನ ಬೆಂಚಿನ ಮೇಲೆ ಕೂತು ಓದಿದ್ದು, ಒಳಗೆ ಹೋಗಿ ಕೇಳಿದ್ದು, ಕಣ್ಣಾರೆ ಕಂಡಿದ್ದು ಎಲ್ಲ ಸೇರಿಸಿ ಇದನ್ನು ಬರೆದಿದ್ದೇನೆ. ನಾನು ಡಾಕ್ಟರಲ್ಲ. ಯಾವ ಔಷಧಿ, ಯಾವಾಗ, ಎಷ್ಟು ಅನ್ನುವುದನ್ನು ನಿಮ್ಮನ್ನು ನೋಡಿದ ವೈದ್ಯರೇ ಹೇಳಬೇಕು. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಿದ್ದರೆ ಒಳ್ಳೆಯದು ಅಲ್ವಾ?

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಎಲ್ಲರೂ ಸೂಜಿಗೆ ಹೆದರುತ್ತಾರೆ. ಹೆದರಬೇಕಾದ ದಿನಗಳು ಬೇರೆ ಇವೆ. ಮೊದಲ ಸೂಜಿಗೆ ಮುಂಚಿನ ಎರಡು ವಾರ, ಆಮೇಲೆ ಕೊನೆಯ ಸೂಜಿಯ ಬಲ ಇಳಿದ ಮೇಲಿನ ದಿನಗಳು. ಹಾಗಾಗಿ ಈ ಬರಹದಲ್ಲೂ ಆ ಎರಡಕ್ಕೇ ಜಾಗ ಜಾಸ್ತಿ.

ಯಾವ ಇಂಜೆಕ್ಷನ್ ಅಂತ ಮೊದಲು ತಿಳಿದುಕೊಳ್ಳಿ

"ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್" ಅಂದರೆ ಒಂದೇ ಔಷಧಿ ಅಲ್ಲ. ಮುಖ್ಯವಾಗಿ ಎರಡಿವೆ. ಅವುಗಳ ಸ್ವಭಾವ ತೀರಾ ಬೇರೆ ಬೇರೆ.

ಮೊದಲನೆಯದು ನಾಲ್‌ಟ್ರೆಕ್ಸೋನ್. ಇದರ ತಿಂಗಳ ಇಂಜೆಕ್ಷನ್ ವಿವಿಟ್ರಾಲ್ ಅನ್ನುವ ಹೆಸರಿನಲ್ಲಿ ಬಂತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದನ್ನು 2006ರಲ್ಲಿ ಕುಡಿತಕ್ಕೆ ಒಪ್ಪಿತು. 2010ರಲ್ಲಿ, ಓಪಿಯಾಯ್ಡ್ ಬಿಟ್ಟವರು ಮತ್ತೆ ಜಾರದಂತೆ ತಡೆಯಲಿಕ್ಕೂ ಒಪ್ಪಿತು. ಓಪಿಯಾಯ್ಡ್ ಅಂದರೆ ಹೆರಾಯಿನ್, ಮಾರ್ಫಿನ್, ಕೊಡೀನ್, ಟ್ರಮಡಾಲ್, ಫೆಂಟನಿಲ್ ಈ ಸಾಲಿನ ಪದಾರ್ಥಗಳು. ಮಿದುಳಿನಲ್ಲಿ ಇವು ಹೋಗಿ ಕೂರುವ ಜಾಗಗಳಿವೆ. ನಾಲ್‌ಟ್ರೆಕ್ಸೋನ್ ಆ ಜಾಗಗಳಿಗೆಲ್ಲ ಮುಂಚೆಯೇ ಟವೆಲ್ ಹಾಕಿಬಿಡುತ್ತದೆ. ತಾನೂ ಅಮಲು ಕೊಡುವುದಿಲ್ಲ, ಬಂದವರಿಗೂ ಕೂರಲು ಬಿಡುವುದಿಲ್ಲ. ಹೆಂಡ ಓಪಿಯಾಯ್ಡ್ ಅಲ್ಲ, ನಿಜ. ಆದರೆ ಕುಡಿದಾಗ ಸಿಗುವ ಖುಷಿಯ ಒಂದು ಪಾಲು ದೇಹವೇ ತಯಾರಿಸುವ ಎಂಡಾರ್ಫಿನ್‌ನಿಂದ ಬರುತ್ತದೆ. ಅದಕ್ಕೂ ಬೇಕಾದದ್ದು ಅದೇ ಜಾಗ. ಹಾಗಾಗಿ ಕುಡಿದರೂ ಮೊದಲಿನ ಮಜಾ ಸಿಗುವುದಿಲ್ಲ, ಬೇಕು ಅನ್ನುವ ಹಪಾಹಪಿಯೂ ಹಲವರಲ್ಲಿ ತಗ್ಗುತ್ತದೆ.

ಎರಡನೆಯದು ಬುಪ್ರೆನಾರ್ಫಿನ್. ಇದು ತಾನೇ ಒಂದು ಓಪಿಯಾಯ್ಡ್. ಆದರೆ ಅರ್ಧಂಬರ್ಧ ಕೆಲಸ ಮಾಡುವಂಥದ್ದು. ಅದೇ ಜಾಗದಲ್ಲಿ ಗಟ್ಟಿಯಾಗಿ ಕೂತು, ಚಟ ಬಿಟ್ಟಾಗ ಮೈ ಹಿಂಡುವ ಸಂಕಟ ಬರದಷ್ಟು ಮಾತ್ರ ಕೆಲಸ ಮಾಡುತ್ತದೆ. ಇದರ ತಿಂಗಳ ಇಂಜೆಕ್ಷನ್‌ಗಳಲ್ಲಿ ಸಬ್ಲೋಕೇಡ್‌ಗೆ ಅಮೆರಿಕದಲ್ಲಿ 2017ರಲ್ಲಿ, ಬ್ರಿಕ್ಸಾಡಿಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಇದು ಓಪಿಯಾಯ್ಡ್ ಚಟಕ್ಕೆ ಮಾತ್ರ. ಕುಡಿತಕ್ಕೆ ಇದನ್ನು ಕೊಡುವುದಿಲ್ಲ.

ಕುಡಿತ ಮಾತ್ರ ಇದ್ದರೆ ಇವೆರಡರಲ್ಲಿ ನಾಲ್‌ಟ್ರೆಕ್ಸೋನ್ ಒಂದೇ ದಾರಿ. ಓಪಿಯಾಯ್ಡ್ ಚಟ ಇದ್ದರೆ ಎರಡನ್ನೂ ತೂಗಿ ನೋಡಬೇಕು. ಎರಡೂ ಚಟ ಇದ್ದರೆ ನಾಲ್‌ಟ್ರೆಕ್ಸೋನ್ ಎರಡಕ್ಕೂ ತಾಗುತ್ತದೆ ಅನ್ನುವುದು ಅದರ ಅನುಕೂಲ. ಗರ್ಭಿಣಿ ಆಗಿದ್ದು ಓಪಿಯಾಯ್ಡ್ ಚಟ ಇದ್ದರೆ ಸಾಮಾನ್ಯವಾಗಿ ಬುಪ್ರೆನಾರ್ಫಿನ್ ಅಥವಾ ಮೆಥಡೋನ್ (ಓಪಿಯಾಯ್ಡ್ ಚಟಕ್ಕೇ ಕೊಡುವ ಇನ್ನೊಂದು ಔಷಧಿ) ಕಡೆಗೇ ವೈದ್ಯರು ವಾಲುತ್ತಾರೆ.

ಇನ್ನೊಂದು ಗೊಂದಲ ಎಲ್ಲರಿಗೂ ಇರುತ್ತದೆ. "ಇದು ತಗೊಂಡು ಕುಡಿದರೆ ವಾಂತಿ ಆಗಿ ಸಾಯ್ತಾರಂತೆ" ಅಂತ ನಮ್ಮ ದೊಡ್ಡಮ್ಮನೂ ಗಾಬರಿಯಾಗಿದ್ದರು. ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿ ಆಗುವುದು ಡೈಸಲ್ಫಿರಾಮ್ ಅನ್ನುವ ಬೇರೆ ಮಾತ್ರೆಯಿಂದ. ನಾಲ್‌ಟ್ರೆಕ್ಸೋನ್ ಹಾಗೆ ಮಾಡುವುದಿಲ್ಲ. ಹಾಗಂತ ಇದು ಕುಡಿದವರ ಅಮಲು ಇಳಿಸುವುದೂ ಇಲ್ಲ. ಇಂಜೆಕ್ಷನ್ ಆಗಿದೆ ಅಂತ ಕುಡಿದು ಗಾಡಿ ಓಡಿಸಿದರೆ ಕೈಕಾಲು ತಡವರಿಸುವುದು ಮೊದಲಿನಷ್ಟೇ.

ಮೊದಲ ಭೇಟಿ: ಏನನ್ನೂ ಮುಚ್ಚಿಡಬೇಡಿ

ಮನೆಯವರ ಎದುರು ಹೇಳಲು ಆಗದಿದ್ದರೆ ಅವರನ್ನು ಹೊರಗೆ ಕಳಿಸಿ. ಅದು ತಪ್ಪಲ್ಲ. ಆದರೆ ವೈದ್ಯರಿಗೆ ಪೂರ್ತಿ ಹೇಳಿ. ಕೊನೆಯ ಸಲ ಏನು ತೆಗೆದುಕೊಂಡಿರಿ, ಎಷ್ಟು, ಯಾವ ದಿನ, ಎಷ್ಟು ಗಂಟೆಗೆ. ಬೆನ್ನು ನೋವಿಗೆ ಅಂತ ತೆಗೆದುಕೊಳ್ಳುವ ಟ್ರಮಡಾಲ್ ಮಾತ್ರೆಯೂ ಲೆಕ್ಕಕ್ಕೆ ಬರುತ್ತದೆ. ಕೆಮ್ಮಿನ ಸಿರಪ್‌ನಲ್ಲಿರುವ ಕೊಡೀನ್ ಕೂಡ. ಅಣ್ಣ ಕುಡಿತ ಬಿಟ್ಟರೆ ಬೇರೇನೂ ಮುಟ್ಟಿದವನಲ್ಲ. ಆದರೂ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ ಅಂದಿದ್ದರು. ಅತಿ ಅನ್ನಿಸಿತ್ತು. ಚೀಲದಲ್ಲಿ ಹಲ್ಲು ಕೀಳಿಸಿದಾಗ ಕೊಟ್ಟ ಟ್ರಮಡಾಲ್ ಮಾತ್ರೆಗಳ ಅರ್ಧ ಪಟ್ಟಿ ಸಿಕ್ಕಿತು!

ಲಿವರ್ ಪರೀಕ್ಷೆ ಮಾಡಿಸುತ್ತಾರೆ. ವರ್ಷಗಟ್ಟಲೆ ಕುಡಿದವರ ಲಿವರ್ ಸ್ವಲ್ಪ ಏರುಪೇರಾಗಿದ್ದರೂ ಕೆಲವೊಮ್ಮೆ ನಾಲ್‌ಟ್ರೆಕ್ಸೋನ್ ಕೊಡುತ್ತಾರೆ. ಲಿವರ್ ಕೈಕೊಟ್ಟಿದ್ದರೆ ಅಥವಾ ಹೆಪಟೈಟಿಸ್ ಜೋರಾಗಿದ್ದರೆ ತಡೆಯುತ್ತಾರೆ. ಓಪಿಯಾಯ್ಡ್ ಇದೆಯಾ ಅಂತ ಮೂತ್ರ ಪರೀಕ್ಷೆಯೂ ಇರುತ್ತದೆ. ಎಲ್ಲ ಬಗೆಯ ಓಪಿಯಾಯ್ಡ್ ಆ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ರಿಪೋರ್ಟ್ ಚೆನ್ನಾಗಿ ಬಂತು ಅಂತ, ತೆಗೆದುಕೊಂಡದ್ದರ ಬಗ್ಗೆ ಸುಳ್ಳು ಹೇಳಿ ದಾಟಿಕೊಂಡರೆ ಅದರ ಫಲ ಉಣ್ಣುವವರು ನೀವೇ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಖಿನ್ನತೆ, ಸಾಯುವ ಯೋಚನೆ ಹಿಂದೆ ಬಂದಿದ್ದರೆ ಅದನ್ನೂ ಹೇಳಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮುಂದಿನ ತಿಂಗಳುಗಳಲ್ಲಿ ಆಪರೇಷನ್ ಇದ್ದರೆ, ಅದೂ ಬೇಕು.

ಸೂಜಿಗೆ ಮುಂಚಿನ ದಿನಗಳು

ಕುಡಿತದ ಕಥೆ ಬೇರೆ, ಓಪಿಯಾಯ್ಡ್ ಕಥೆ ಬೇರೆ.

ದಿನಾ ಜಾಸ್ತಿ ಕುಡಿಯುವವರು "ನಾಳೆಯಿಂದ ಬಂದ್" ಅಂತ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬಾರದು. ಇದು ಹೆದರಿಸಲು ಹೇಳುವ ಮಾತಲ್ಲ. ಕೊನೆಯ ಗ್ಲಾಸ್ ಆಗಿ 6ರಿಂದ 8 ಗಂಟೆಯಲ್ಲಿ ಕೈ ನಡುಕ, ಬೆವರು, ಚಡಪಡಿಕೆ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಎಲ್ಲಿದ್ದೇನೆ ಅನ್ನುವುದೇ ತಿಳಿಯುವುದಿಲ್ಲ, ಜ್ವರ, ಎದೆಬಡಿತ ಏರುತ್ತದೆ. ಇದರಲ್ಲಿ ಜೀವ ಹೋಗಬಹುದು. ಈ ಹಂತಕ್ಕೆ ಬೇರೆ ಔಷಧಿಗಳಿವೆ, ಬಿ1 ವಿಟಮಿನ್ ಕೊಡುತ್ತಾರೆ, ಬೇಕಾದರೆ ಅಡ್ಮಿಟ್ ಮಾಡಿಕೊಳ್ಳುತ್ತಾರೆ. ನಾಲ್‌ಟ್ರೆಕ್ಸೋನ್ ಈ ಸಂಕಟವನ್ನು ತಡೆಯುವುದಿಲ್ಲ. ಅದರ ಸರದಿ ಆಮೇಲೆ. ಕುಡಿಯದೆ ಕೆಲವು ದಿನ ಇರಬಲ್ಲವರಿಗೆ ಇದು ಚೆನ್ನಾಗಿ ಹಿಡಿಯುತ್ತದೆ. 2005ರಲ್ಲಿ ಪ್ರಕಟವಾದ, 624 ಜನರ ಮೇಲೆ 6 ತಿಂಗಳು ನಡೆದ ಅಧ್ಯಯನದಲ್ಲಿ ಪೂರ್ಣ ಪ್ರಮಾಣದ ಇಂಜೆಕ್ಷನ್ ಪಡೆದವರಲ್ಲಿ ವಿಪರೀತ ಕುಡಿಯುವ ದಿನಗಳು, ಔಷಧಿ ಇಲ್ಲದ ಖಾಲಿ ಇಂಜೆಕ್ಷನ್ ಪಡೆದವರಿಗಿಂತ ಸುಮಾರು 25%ರಷ್ಟು ಕಡಿಮೆಯಾಗಿದ್ದವು. ಶುರುವಿಗೆ ಮುಂಚೆಯೇ ಕುಡಿತ ನಿಲ್ಲಿಸಿದ್ದವರಲ್ಲಿ ಲಾಭ ಇನ್ನೂ ಜಾಸ್ತಿ ಕಂಡಿತು. ಅವರೆಲ್ಲರಿಗೂ ಜೊತೆಗೆ 12 ಸಲ ಕೌನ್ಸೆಲಿಂಗ್ ಕೂಡ ಇತ್ತು ಅನ್ನುವುದನ್ನು ಮರೆಯಬೇಡಿ.

ಈಗ ಓಪಿಯಾಯ್ಡ್. ನಾಲ್‌ಟ್ರೆಕ್ಸೋನ್ ಚುಚ್ಚುವ ಮುಂಚೆ ಮೈಯಲ್ಲಿ ಓಪಿಯಾಯ್ಡ್ ಒಂದು ಚೂರೂ ಇರಬಾರದು. ಹೆರಾಯಿನ್‌ನಂಥ ಬೇಗ ಇಳಿಯುವ ಪದಾರ್ಥವಾದರೆ ಕನಿಷ್ಠ 7ರಿಂದ 10 ದಿನ ದೂರವಿರಬೇಕು. ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಮೇಲಿದ್ದವರಿಗೆ ಎರಡು ವಾರದವರೆಗೂ ಬೇಕಾಗಬಹುದು. ಅಷ್ಟು ದಿನ ಕಾಯದೆ ಚುಚ್ಚಿದರೆ ಏನಾಗುತ್ತದೆ? ಆ ಜಾಗಗಳಲ್ಲಿ ಕೂತಿದ್ದ ಓಪಿಯಾಯ್ಡನ್ನು ನಾಲ್‌ಟ್ರೆಕ್ಸೋನ್ ಒಮ್ಮೆಲೇ ಎಬ್ಬಿಸಿ ಹೊರಗೆ ತಳ್ಳುತ್ತದೆ. ಹಲವು ದಿನಗಳಲ್ಲಿ ಮೆಲ್ಲಗೆ ಬರಬೇಕಿದ್ದ ಸಂಕಟ ಒಟ್ಟಿಗೆ ನುಗ್ಗುತ್ತದೆ. ವಾಂತಿ, ಭೇದಿ, ಮೈಕೈ ಸೆಳೆತ, ಆಸ್ಪತ್ರೆ ಸೇರುವಷ್ಟು. ಮಾತ್ರೆಯಾದರೆ ಒಂದೆರಡು ದಿನದಲ್ಲಿ ಇಳಿದೀತು. ಒಮ್ಮೆ ಚುಚ್ಚಿದ ಇಂಜೆಕ್ಷನ್ ವಾಪಸ್ ತೆಗೆಯಲು ಬರುವುದಿಲ್ಲ. ಅದಕ್ಕೇ ಕೆಲವು ಕಡೆ ಮೊದಲು ನಲಾಕ್ಸೋನ್ (ಓಪಿಯಾಯ್ಡ್ ಪರಿಣಾಮವನ್ನು ತಕ್ಷಣ ತಡೆಯುವ ಬೇರೆ ಔಷಧಿ) ಸ್ವಲ್ಪ ಕೊಟ್ಟು ನೋಡುತ್ತಾರೆ. ಅದರ ಕೆಲಸ ಬೇಗ ಮುಗಿಯುತ್ತದೆ. ಅದಕ್ಕೆ ಮೈ ಪ್ರತಿಭಟಿಸಿದರೆ ಇಂಜೆಕ್ಷನ್ ಮುಂದಕ್ಕೆ ಹೋಗುತ್ತದೆ.

ಈ 7ರಿಂದ 14 ದಿನ ದಾಟುವುದೇ ಕಷ್ಟ. ಆಕಳಿಕೆ, ಮೂಗು ಕಣ್ಣಲ್ಲಿ ನೀರು, ಚಳಿಗೆ ಎದ್ದಂತೆ ಎದ್ದು ನಿಲ್ಲುವ ರೋಮ, ಕಾಲು ಒದ್ದುಕೊಳ್ಳುವಂಥ ಸೆಳೆತ, ನಿದ್ದೆ ಇಲ್ಲದ ರಾತ್ರಿಗಳು. ಅಮೆರಿಕದಲ್ಲಿ 570 ಜನರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ನಾಲ್‌ಟ್ರೆಕ್ಸೋನ್ ಇಂಜೆಕ್ಷನ್ ಗುಂಪಿಗೆ ಬಿದ್ದವರಲ್ಲಿ 72% ಜನರಷ್ಟೇ ಮೊದಲ ಸೂಜಿವರೆಗೆ ಬಂದರು. ನಾಲಿಗೆ ಕೆಳಗಿಡುವ ಬುಪ್ರೆನಾರ್ಫಿನ್ ಗುಂಪಿನಲ್ಲಿ 94% ಜನ ಶುರು ಮಾಡಿದರು. ಒಮ್ಮೆ ಶುರು ಮಾಡಿದವರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕೆಲಸ ಮಾಡಿದವು. ಹಾಗಾಗಿ ನನ್ನ ಅಭಿಪ್ರಾಯ ಇದು: ಆ ದಿನಗಳನ್ನು ಒಬ್ಬರೇ ಮನೆಯಲ್ಲಿ ದಾಟಲು ಹೋಗಬೇಡಿ. ದಾಟಲಾಗದಿದ್ದರೆ ಬುಪ್ರೆನಾರ್ಫಿನ್ ಬಗ್ಗೆ ಕೇಳಿ. ಅದಕ್ಕೆ ಇಷ್ಟು ದಿನ ಕಾಯಬೇಕಿಲ್ಲ. ಸಂಕಟ ಶುರುವಾದ ಹೊತ್ತಿನಲ್ಲೇ ನಾಲಿಗೆ ಕೆಳಗಿಡುವ ಔಷಧಿ ಕೊಟ್ಟು, ಮೈಗೆ ಒಗ್ಗಿದ ಮೇಲೆ ಇಂಜೆಕ್ಷನ್‌ಗೆ ಹೋಗುತ್ತಾರೆ. "ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದರು" ಅಂತ ಆಡಿಕೊಳ್ಳುವವರು ಇರುತ್ತಾರೆ. ಆಡಿಕೊಳ್ಳಲಿ ಬಿಡಿ.

ಚುಚ್ಚುವ ದಿನ

ನಾಲ್‌ಟ್ರೆಕ್ಸೋನ್ ಇಂಜೆಕ್ಷನ್ ಒಂದು ಪೆಟ್ಟಿಗೆಯಲ್ಲಿ ಬರುತ್ತದೆ. 380 ಮಿಲಿಗ್ರಾಂ ಔಷಧಿಯ ಪುಡಿ ಒಂದು ಬಾಟಲಿಯಲ್ಲಿ, ಕಲಸುವ ದ್ರವ ಇನ್ನೊಂದರಲ್ಲಿ, ಸಿರಿಂಜ್, ಸೂಜಿಗಳು. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹೊರಗೆ 25 ಡಿಗ್ರಿ ಮೀರದಂತೆ 7 ದಿನ ಮಾತ್ರ ತಾಳುತ್ತದೆ. ಮನೆಗೆ ತಂದಿಡುವುದಕ್ಕಿಂತ ಚುಚ್ಚುವ ಕಡೆಯೇ ಇರಿಸುವುದು ವಾಸಿ.

ಅಣ್ಣನ ಮೊದಲ ಸಲ ನರ್ಸ್ ಪೆಟ್ಟಿಗೆಯನ್ನು ಹೊರಗೆ ತೆಗೆದಿಟ್ಟು ಮುಕ್ಕಾಲು ಗಂಟೆ ನಮ್ಮನ್ನು ಕಾಯಿಸಿದರು. ಆಮೇಲೆ ಪುಡಿಯ ಬಾಟಲಿಯ ತಳವನ್ನು ಮೇಜಿಗೆ ಕುಟ್ಟಿ ಕುಟ್ಟಿ ಪುಡಿ ಸಡಿಲ ಮಾಡಿದರು. ದ್ರವ ಹಾಕಿ ಒಂದು ನಿಮಿಷ ಜೋರಾಗಿ ಅಲ್ಲಾಡಿಸಿದರು. ಹಾಲಿನಂತೆ ಬೆಳ್ಳಗಾಯಿತು, ಒಂದು ಗಂಟೂ ಇಲ್ಲ. ಸಿರಿಂಜ್‌ಗೆ ಎಳೆದು ತಕ್ಷಣ ಚುಚ್ಚಿದರು. ಇನ್ನೊಂದು ತಿಂಗಳು ಬೇರೆ ಯಾರೋ ಇದ್ದರು. ಅವಸರದಲ್ಲಿ ಫ್ರಿಜ್‌ನಿಂದ ತೆಗೆದು ನೇರ ಕಲಸಿದರು. ಸೂಜಿ ಕಟ್ಟಿಕೊಂಡಿತು. ಹೊರಗೆ ತೆಗೆದು, ಬೇರೆ ಸೂಜಿ ಹಾಕಿ, ಇನ್ನೊಂದು ಜಾಗದಲ್ಲಿ ಮತ್ತೆ ಚುಚ್ಚಬೇಕಾಯಿತು. ಅಣ್ಣ ಆ ದಿನ ಮನೆಗೆ ಬರುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಅಂದಿನಿಂದ ನಾನೇ ಒಳಗೆ ಹೋಗಿ "ಮೇಡಂ, ಹೊರಗೆ ತೆಗೆದಿಟ್ಟಿದ್ದೀರಾ?" ಅಂತ ಕೇಳಲು ಶುರು ಮಾಡಿದೆ. ನೀವೂ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಚುಚ್ಚುವುದು ಸೊಂಟದ ಕೆಳಗೆ, ಕೂರುವ ಭಾಗದ ಮೇಲಿನ ಸ್ನಾಯುವಿಗೆ. ಒಂದು ತಿಂಗಳು ಎಡಕ್ಕೆ, ಮುಂದಿನ ತಿಂಗಳು ಬಲಕ್ಕೆ. ಎಡವೋ ಬಲವೋ ಅಂತ ಬರೆದಿಟ್ಟುಕೊಳ್ಳಿ. ಸೂಜಿ ಆಳಕ್ಕೆ, ಸ್ನಾಯುವಿನೊಳಗೆ ಹೋಗಲೇಬೇಕು. ಚರ್ಮದ ಕೆಳಗಿನ ಕೊಬ್ಬಿನಲ್ಲಿ ಉಳಿದರೆ ಗಂಟು, ಹುಣ್ಣು ಆಗುವ ಸಂಭವ ಜಾಸ್ತಿ. ಮೈ ತುಂಬಿದವರಿಗೆ ಅಂತಲೇ ಪೆಟ್ಟಿಗೆಯಲ್ಲಿ ಉದ್ದದ ಸೂಜಿಯೂ ಇರುತ್ತದೆ.

ಪುಡಿಯ ಕಣಗಳು ತಿಂಗಳಿಡೀ ಕರಗುತ್ತಾ ಔಷಧಿ ಬಿಡುತ್ತವೆ. ಕರಗುವ ಹೊಲಿಗೆ ದಾರಕ್ಕೆ ಬಳಸುವ ಬಗೆಯ ವಸ್ತುವಿನಲ್ಲೇ ಅವನ್ನು ಮಾಡಿರುತ್ತಾರೆ. ಎರಡು ವಾರದ ನಂತರ ರಕ್ತದಲ್ಲಿ ಪ್ರಮಾಣ ಮೆಲ್ಲಗೆ ಇಳಿಯಲು ಶುರುವಾಗುತ್ತದೆ.

ಬುಪ್ರೆನಾರ್ಫಿನ್ ಇಂಜೆಕ್ಷನ್ ಚರ್ಮದ ಕೆಳಗೆ, ಹೆಚ್ಚಾಗಿ ಹೊಟ್ಟೆಯ ಭಾಗಕ್ಕೆ. ಸಬ್ಲೋಕೇಡ್ ಆದರೆ ಸಾಮಾನ್ಯವಾಗಿ ಮೊದಲ ಎರಡು ಸಲ 300 ಮಿಲಿಗ್ರಾಂ, ಆಮೇಲೆ 100. ಒಳಗೆ ಹೋದ ದ್ರವ ಗಟ್ಟಿಯಾಗಿ ಸಣ್ಣ ಗಂಟಿನಂತೆ ಕೈಗೆ ಸಿಗುತ್ತದೆ, ವಾರಗಟ್ಟಲೆ ಇರುತ್ತದೆ. ಅದನ್ನು ಉಜ್ಜಬೇಡಿ, ಒತ್ತಬೇಡಿ. ಬೆಲ್ಟು ಅಲ್ಲಿ ಉಜ್ಜದಂತೆ ನೋಡಿಕೊಳ್ಳಿ. ಇದನ್ನು ನರಕ್ಕೆ ಚುಚ್ಚಿದರೆ ರಕ್ತನಾಳದಲ್ಲೇ ಗಟ್ಟಿಯಾಗಿ ಜೀವಕ್ಕೇ ಕುತ್ತು. ಅದಕ್ಕೇ ಇದನ್ನು ರೋಗಿಯ ಕೈಗೆ ಕೊಡುವುದೇ ಇಲ್ಲ.

ಮೊದಲ ವಾರ

ನಾಲ್‌ಟ್ರೆಕ್ಸೋನ್ ಆದ ಮೇಲೆ ಹೊಟ್ಟೆ ತೊಳೆಸಿದಂತೆ ಆಗುವುದು ಸಾಮಾನ್ಯ. ಮೊದಲ ಸಲ ಜಾಸ್ತಿ, ಕೆಲವು ದಿನದಲ್ಲಿ ಹೋಗುತ್ತದೆ. ತಲೆನೋವು, ಸುಸ್ತು, ಊಟ ಸೇರದಿರುವುದು, ನಿದ್ದೆ ಕೆಡುವುದೂ ಇದೆ. ಚುಚ್ಚಿದ ಜಾಗ ನೋಯುತ್ತದೆ, ಗಟ್ಟಿಯಾಗುತ್ತದೆ. ಆದರೆ ನೋವು ದಿನೇ ದಿನೇ ಏರಿದರೆ, ಚರ್ಮ ಕಪ್ಪಾದರೆ, ಗುಳ್ಳೆ ಎದ್ದರೆ, ಗಾಯ ಬಾಯಿಬಿಟ್ಟರೆ ಅದೇ ದಿನ ತೋರಿಸಿ. ಸುಮ್ನೆ ಗಟ್ಟಿಯಾಗಿದೆ ಅಷ್ಟೇ ಅನ್ನಿಸಿದರೂ ಎರಡು ವಾರದಲ್ಲಿ ಇಳಿಯದಿದ್ದರೆ ತೋರಿಸಬೇಕು.

ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಹೊಟ್ಟೆಯ ಬಲಗಡೆ ನೋವು ಬಂದರೆ ಲಿವರ್ ನೋಡಿಸಬೇಕು. ಉಸಿರು ಕಟ್ಟುವುದು, ಬಿಡದ ಕೆಮ್ಮು ಕೂಡ ಕಾಯುವಂಥದ್ದಲ್ಲ. ಮಂಕು ಕವಿದಂತೆ ಕೂತುಬಿಟ್ಟರೆ ಮನೆಯವರು ಗಮನಿಸಿ. "ಕುಡಿತ ಬಿಟ್ಟಿದ್ದಾನಲ್ಲ, ಅದಕ್ಕೇ ಸಪ್ಪಗಿದ್ದಾನೆ" ಅಂತ ತಳ್ಳಿಹಾಕಬೇಡಿ. ನೇರವಾಗಿ ಕೇಳಿ, ವೈದ್ಯರಿಗೆ ತಿಳಿಸಿ.

ಬುಪ್ರೆನಾರ್ಫಿನ್ ಮೇಲಿದ್ದಾಗ ಮಲಬದ್ಧತೆ, ತಲೆನೋವು, ಮಂಪರು ಇರಬಹುದು. ಅದರ ಜೊತೆ ಕುಡಿದರೆ ಅಥವಾ ನಿದ್ದೆ ಮಾತ್ರೆ ನುಂಗಿದರೆ ಉಸಿರೇ ನಿಧಾನವಾಗುವ ಅಪಾಯ ಇದೆ.

ನಡುವಿನ ತಿಂಗಳು

ಜೇಬಿನಲ್ಲಿ ಒಂದು ಚೀಟಿ ಇರಲಿ: "ನಾಲ್‌ಟ್ರೆಕ್ಸೋನ್ ಇಂಜೆಕ್ಷನ್ ಆಗಿದೆ, ಇಂಥ ದಿನಾಂಕ." ಅಪಘಾತವಾಗಿ ಪ್ರಜ್ಞೆ ಇಲ್ಲದೆ ಹೋದರೆ ಆ ಚೀಟಿಯೇ ಮಾತಾಡಬೇಕು. ಮಾರ್ಫಿನ್ ಜಾತಿಯ ನೋವಿನ ಔಷಧಿ ಹತ್ತುವುದಿಲ್ಲ, ಬೇರೆ ನೋವಿನ ಔಷಧಿ ಅಥವಾ ಆ ಭಾಗ ಮಾತ್ರ ಮರಗಟ್ಟಿಸುವ ದಾರಿ ಹಿಡಿಯಬೇಕು ಅಂತ ಅಲ್ಲಿನವರಿಗೆ ಗೊತ್ತಾಗಬೇಕು. ಕೊಡೀನ್ ಇರುವ ಕೆಮ್ಮಿನ ಸಿರಪ್, ಭೇದಿಗೆ ಕೊಡುವ ಕೆಲವು ಮಾತ್ರೆಗಳೂ ಕೆಲಸ ಮಾಡದಿರಬಹುದು. ಮೊದಲೇ ಗೊತ್ತಿರುವ ಆಪರೇಷನ್ ಆದರೆ ಒಂದು ತಿಂಗಳಿಗೂ ಮುಂಚೆ ಎರಡೂ ಕಡೆಯ ವೈದ್ಯರಿಗೆ ಹೇಳಿ.

ಅಣ್ಣನಿಗೆ ಮೊದಲ ತಿಂಗಳು ಒಂದು ಸಂಜೆ ಕುಡಿದು ನೋಡಬೇಕು ಅನ್ನಿಸಿತಂತೆ. ಕುಡಿದ. "ಏನೂ ಅನ್ನಿಸಲೇ ಇಲ್ಲ ಕಣೋ, ಅರ್ಧ ಬಿಟ್ಟು ಎದ್ದು ಬಂದೆ" ಅಂದ. ಮರುದಿನ ಅವನೇ ವೈದ್ಯರಿಗೆ ಹೇಳಿದ. ಅವರು ಬೈಯಲಿಲ್ಲ, ಬರೆದುಕೊಂಡರು. ಇಂಜೆಕ್ಷನ್ ಆ ಸಂಜೆಯನ್ನು ಸಪ್ಪೆ ಮಾಡಿತು. ಆದರೆ ದಿನಾ ಸಂಜೆ 6ರಿಂದ 9ರವರೆಗಿನ ಖಾಲಿ ಹೊತ್ತನ್ನು ಅದು ತುಂಬುವುದಿಲ್ಲ. ಕೌನ್ಸೆಲಿಂಗ್, ಕುಡಿತ ಬಿಟ್ಟವರ ಗುಂಪು, ಕೆಲಸ, ನಡಿಗೆ, ಯಾವುದಾದರೂ ಆಗಲಿ, ಆ ಮೂರು ಗಂಟೆಗೆ ಏನಾದರೂ ಬೇಕು.

ಓಪಿಯಾಯ್ಡ್ ಚಟದವರಿಗೆ ಒಂದು ಎಚ್ಚರಿಕೆ. "ಜಾಸ್ತಿ ತಗೊಂಡರೆ ಇಂಜೆಕ್ಷನ್ ಮೀರಿ ಅಮಲು ಬರುತ್ತೆ" ಅನ್ನುವ ಸಲಹೆ ಕೊಡುವವರು ಸಿಗುತ್ತಾರೆ. ಹಾಗೆ ಮೀರಲು ಹೋಗಿ ಓವರ್‌ಡೋಸ್ ಆಗಿ ಸತ್ತವರಿದ್ದಾರೆ.

ತಾರೀಕು ತಪ್ಪಿದರೆ

ನಾಲ್ಕು ವಾರಕ್ಕೊಮ್ಮೆ ಅಂತ ಲೆಕ್ಕ. ಮುಂದಿನ ತಾರೀಕನ್ನು ಚುಚ್ಚಿಸಿಕೊಂಡ ದಿನವೇ ಗೊತ್ತು ಮಾಡಿಕೊಂಡು ಬನ್ನಿ. ತಪ್ಪಿದರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ, ಆದಷ್ಟು ಬೇಗ ಹೋಗಿ. ಆದರೆ ನಡುವೆ ಓಪಿಯಾಯ್ಡ್ ಮುಟ್ಟಿದ್ದರೆ ಹೇಳಲೇಬೇಕು. ಮತ್ತೆ ಆ 7ರಿಂದ 14 ದಿನದ ಲೆಕ್ಕ ಮೊದಲಿನಿಂದ ಶುರು. ಬುಪ್ರೆನಾರ್ಫಿನ್‌ನಲ್ಲಿ, ಕೆಲವು ತಿಂಗಳು ತಪ್ಪದೆ ಪಡೆದವರಿಗೆ ಕೆಲವು ದಿನದ ತಡ ಅಷ್ಟಾಗಿ ಕಾಡುವುದಿಲ್ಲ. ಎರಡು ಇಂಜೆಕ್ಷನ್ ತೀರಾ ಹತ್ತಿರವೂ ಆಗಬಾರದು. ಸಬ್ಲೋಕೇಡ್‌ಗೆ ತಿಂಗಳ ಇಂಜೆಕ್ಷನ್‌ಗಳ ನಡುವೆ ಸಾಮಾನ್ಯವಾಗಿ ಕನಿಷ್ಠ 26 ದಿನದ ಅಂತರ ಬೇಕು.

ನಿಲ್ಲಿಸುವಾಗ

ಎಷ್ಟು ತಿಂಗಳು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಆರು ತಿಂಗಳು, ವರ್ಷ ಅಂತ ಶುರು ಮಾಡಿ, ನೋಡಿಕೊಂಡು ಮುಂದುವರಿಸುತ್ತಾರೆ. ನಾಲ್‌ಟ್ರೆಕ್ಸೋನ್ ನಿಲ್ಲಿಸಿದರೆ ಮೈಗೆ ಯಾವ ಸಂಕಟವೂ ಇಲ್ಲ. ಬುಪ್ರೆನಾರ್ಫಿನ್ ಮಾತ್ರ ತಿಂಗಳುಗಟ್ಟಲೆ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಎಲ್ಲ ಸರಿಹೋಯಿತು ಅಂದುಕೊಂಡ ಎಷ್ಟೋ ವಾರದ ಮೇಲೆ ಸಂಕಟ ಕಾಣಿಸಬಹುದು.

ಓಪಿಯಾಯ್ಡ್ ಬಿಟ್ಟವರಿಗೆ ನಿಜವಾದ ಅಪಾಯದ ಹೊತ್ತು ಇದು. ಮೊದಲು ದಿನಾ ತೆಗೆದುಕೊಳ್ಳುತ್ತಿದ್ದ ಪ್ರಮಾಣವನ್ನು ತಾಳುವ ಶಕ್ತಿ ಮೈಯಲ್ಲಿ ಈಗ ಇಲ್ಲ. ತಲೆಯಲ್ಲಿ ಹಳೆಯ ಅಳತೆ ಹಾಗೇ ಇರುತ್ತದೆ. ಆ ಅಳತೆಯಲ್ಲೇ ಒಮ್ಮೆ ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು. ತಿಂಗಳ ಕೊನೆಯಲ್ಲಿ ಇಂಜೆಕ್ಷನ್ ಬಲ ತಗ್ಗಿದಾಗ, ಒಂದು ಇಂಜೆಕ್ಷನ್ ತಪ್ಪಿದಾಗಲೂ ಇದೇ ಮಾತು.

ಹಾಗಾಗಿ ಮನೆಯಲ್ಲಿ ನಲಾಕ್ಸೋನ್ ಇರಲಿ. ಮೂಗಿಗೆ ಹೊಡೆಯುವ ಸ್ಪ್ರೇ ರೂಪದಲ್ಲೂ ಸಿಗುತ್ತದೆ. ಹೆಸರು ಹತ್ತಿರವಾದರೂ ನಾಲ್‌ಟ್ರೆಕ್ಸೋನ್ ಬೇರೆ, ನಲಾಕ್ಸೋನ್ ಬೇರೆ. ಕರೆದರೆ ಏಳುತ್ತಿಲ್ಲ, ಉಸಿರು ನಿಧಾನ, ತುಟಿ ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣ. ಇಷ್ಟು ಕಂಡರೆ ಆಂಬುಲೆನ್ಸ್‌ಗೆ ಫೋನ್ ಮಾಡಿ, ನಲಾಕ್ಸೋನ್ ಕೊಡಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ. ಎರಡು ಮೂರು ನಿಮಿಷದಲ್ಲಿ ಏಳದಿದ್ದರೆ ಇನ್ನೊಂದು ಸಲ ಕೊಡಿ. ಎದ್ದು ಕೂತರೂ ಒಬ್ಬರನ್ನೇ ಬಿಡಬೇಡಿ. ನಲಾಕ್ಸೋನ್ ಬೇಗ ಇಳಿಯುತ್ತದೆ, ಒಳಗಿನ ಪದಾರ್ಥ ಇನ್ನೂ ಇರುತ್ತದೆ. ಸ್ಪ್ರೇಯನ್ನು ಬೀರುವಿನ ಒಳಗೆ ಬೀಗ ಹಾಕಿ ಇಡಬೇಡಿ. ಯಾರಿಗೂ ಕೈಗೆ ಸಿಗುವ ಜಾಗದಲ್ಲಿ ಇಡಿ, ಎಲ್ಲಿದೆ ಅಂತ ಮನೆಯವರಿಗೆಲ್ಲ ಹೇಳಿ. ಅದರ ಮೇಲಿನ ಅವಧಿ ಮುಗಿಯುವ ತಾರೀಕನ್ನೂ ಒಮ್ಮೆ ನೋಡಿ.